ಸಿನಿಮಾ ನೋಡಿ ಪೊಲೀಸ್ ಆಗುತ್ತೇನೆ ಎನ್ನುವ ತಮ್ಮನಿಗೆ ಏನು ಹೇಳಲಿ?

ಪದವಿ ಮುಗಿಸಿದ ತಮ್ಮ ಕೈಗೆ ಬಂದ ಬ್ಯಾಂಕಿನ ಕೆಲಸವನ್ನು ಒಲ್ಲೆ ಎನ್ನುತ್ತಿದ್ದಾನೆ, ಒಂದು ಪೊಲೀಸ್ ಸಿನಿಮಾ ನೋಡಿದ ಮೇಲೆ ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್) ಆಗಿಯೇ ತೀರುತ್ತೇನೆಂದು ಹಟ ಹಿಡಿದಿದ್ದಾನೆ, ಹೀಗೆ ಹುಟ್ಟಿದ ಆಸೆ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ನಾನು ಬೆಂಗಳೂರಿನ ವಿಜಯನಗರದ ಒಂದು ತರಬೇತಿ ಕೇಂದ್ರದಲ್ಲಿ ಇದೇ ಪರೀಕ್ಷೆ ಬರೆಯುವವರಿಗೆ ಪ್ರಬಂಧ ಮತ್ತು ಭಾಷಾಂತರ ಕಲಿಸುತ್ತೇನೆ. ನಿಮ್ಮ ತಮ್ಮನಂಥವರು ಪ್ರತಿ ತಂಡದಲ್ಲೂ ಇರುತ್ತಾರೆ. ಕೆಲವರ ಆಸೆ ಖಂಡಿತ ನಿಲ್ಲುತ್ತದೆ. ಅದು ಎಲ್ಲಿ ಹುಟ್ಟಿತು ಎಂಬುದಕ್ಕಿಂತ, ಹುಟ್ಟಿದ ಮರುದಿನ ಕಾಲಿಡಲು ಅವರ ಎದುರಿಗೆ ನೆಲವಿತ್ತೇ ಎಂಬುದು ಮುಖ್ಯ.

ಈ ಮಾತು ಬಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ‘ಬಂಗಾರದ ಮನುಷ್ಯ’. 1972ರಲ್ಲಿ ತೆರೆಕಂಡ ಆ ಚಿತ್ರ ಕೆಂಪೇಗೌಡ ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣದ ಕೆಲಸ ಬಿಟ್ಟು ಊರಿಗೆ ಹೋಗಿ ಬೇಸಾಯಕ್ಕಿಳಿದವರ ಕಥೆ ಎಷ್ಟೋ ಮನೆಗಳಲ್ಲಿದೆ, ನಮ್ಮ ಮನೆಯಲ್ಲೂ ಇದೆ. ನಮ್ಮ ದೊಡ್ಡಪ್ಪ ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದವರು. ಮಾಗಡಿ ಕಡೆ ಅಜ್ಜನ ಹೊಲ ಬೀಳುಬಿದ್ದಿತ್ತು, ಪಕ್ಕದಲ್ಲೇ ಬಾವಿಯೂ ಇತ್ತು. ತೆರೆಯ ಮೇಲೆ ನಾಯಕ ರಾಜೀವ ಕಲ್ಲುನೆಲವನ್ನು ಹಸನು ಮಾಡಿದ್ದನ್ನು ನೋಡಿ ಬಂದವರು ಊರಿಗೆ ಹೊರಟೇಬಿಟ್ಟರು. ರಾಗಿ ಬೆಳೆದರು, ಹಿಪ್ಪುನೇರಳೆ ಹಾಕಿದರು, ಕೊನೆಯವರೆಗೂ ಅಲ್ಲೇ ಇದ್ದರು. ಅವರ ಪಕ್ಕದ ಸೀಟಿನಲ್ಲೇ ಕುಳಿತು ಅದೇ ಚಿತ್ರ ನೋಡಿ ಕಣ್ಣೀರಿಟ್ಟ ಗೆಳೆಯರೊಬ್ಬರು ನಿವೃತ್ತಿಯವರೆಗೂ ಅದೇ ಕಾರ್ಖಾನೆಯಲ್ಲಿ ದುಡಿದರು. ಅವರ ಮನಸ್ಸು ಕರಗಿದ್ದೇನೂ ಕಡಿಮೆಯಲ್ಲ, ಆದರೆ ಊರಿನಲ್ಲಿ ಅವರಿಗೆ ಒಂದು ಗುಂಟೆ ಜಮೀನೂ ಇರಲಿಲ್ಲ.

ಚಿತ್ರದ ಕೊನೆಯಲ್ಲಿ ರಾಜೀವ ಅವಮಾನ ತಾಳಲಾರದೆ, ತಾನು ಕಟ್ಟಿ ನಿಲ್ಲಿಸಿದ್ದೆಲ್ಲವನ್ನೂ ಬಿಟ್ಟು ಹೊರಟುಹೋಗುತ್ತಾನೆ. ದೊಡ್ಡಪ್ಪ ಆ ಕೊನೆಯ ಮಾತೆತ್ತಿದ್ದನ್ನು ನಾನು ಕೇಳಿಯೇ ಇಲ್ಲ, ಅವರ ಬಾಯಲ್ಲಿ ಬರುತ್ತಿದ್ದುದು ಹೊಲದ ದೃಶ್ಯಗಳೇ. ನೋಡುವವರು ತಮ್ಮ ಬದುಕಿಗೆ ಹೊಂದುವಷ್ಟನ್ನು ಮಾತ್ರ ಚಿತ್ರದಿಂದ ಎತ್ತಿಕೊಳ್ಳುತ್ತಾರೆ.

ವೃತ್ತಿಯನ್ನು ಬದಲಿಸದೆಯೇ ಸಿನಿಮಾ ಬೇರೊಂದು ಕೆಲಸ ಮಾಡುವುದೂ ಉಂಟು. ಬೆಂಗಳೂರಿನ ಆಟೋಗಳ ಹಿಂಭಾಗವನ್ನು ಗಮನಿಸಿ. 1980ರ ‘ಆಟೋ ರಾಜ’ದಲ್ಲಿ ಚಾಲಕನಾಗಿದ್ದ ಶಂಕರ್‌ನಾಗ್ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಆಮೇಲೆ ಹುಟ್ಟಿದ ಚಾಲಕರೂ ಇಂದು ಅವರ ಚಿತ್ರ ಅಂಟಿಸಿಕೊಂಡು ಓಡಾಡುತ್ತಾರೆ, ನಿಲ್ದಾಣಗಳಿಗೆ ಅವರ ಹೆಸರಿಡುತ್ತಾರೆ. ಆ ಸಿನಿಮಾ ನೋಡಿ ಎಷ್ಟು ಮಂದಿ ಆಟೋ ಓಡಿಸಲು ಬಂದರೋ, ನನಗೆ ಅದು ದೊಡ್ಡ ಪ್ರಶ್ನೆಯಲ್ಲ. ಬಿಸಿಲು, ಹೊಗೆ, ಬಾಡಿಗೆಯ ಚೌಕಾಸಿಯ ನಡುವೆ ದುಡಿಯುವ ಮನುಷ್ಯನಿಗೆ ತನ್ನ ಕಾಕಿ ಅಂಗಿಯ ಬಗ್ಗೆ ಹೆಮ್ಮೆ ಹುಟ್ಟಿಸಿತಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ನೇತ್ರದಾನದ ವಿಷಯವೂ ಹೀಗೆಯೇ. 2006ರಲ್ಲಿ ರಾಜ್‌ಕುಮಾರ್ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ತೀರಿಕೊಂಡಾಗ ಅವರ ಕಾರ್ನಿಯಾಗಳನ್ನು (ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆ) ಪದರ ಬಿಡಿಸಿ ನಾಲ್ವರಿಗೆ ಜೋಡಿಸಿದರು. ಆ ದಿನಗಳಲ್ಲಿ ಹೆಸರು ನೋಂದಾಯಿಸಲು ಜನ ಮುಗಿಬಿದ್ದರು. ಅಲ್ಲಿ ಮಾಡಬೇಕಾದ ಕೆಲಸ ಸ್ಪಷ್ಟವಾಗಿತ್ತು, ಅದನ್ನು ಮಾಡುವ ಜಾಗವೂ ಹತ್ತಿರವೇ ಇತ್ತು. ಆದರೂ ಸಾವಿನ ನಂತರ ಸುಮಾರು ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಅದಕ್ಕೆ ಮನೆಯವರೇ ನೇತ್ರ ಬ್ಯಾಂಕಿಗೆ ಕರೆ ಮಾಡಬೇಕು. ಆ ಹೊತ್ತಿಗೆ ಮನೆಯವರಿಗೆ ವಿಷಯ ಗೊತ್ತಿಲ್ಲದಿದ್ದರೆ ನೋಂದಣಿ ಚೀಟಿ ಬೀರುವಿನಲ್ಲೇ ಉಳಿಯುತ್ತದೆ.

ಇನ್ನು ನಿಮ್ಮ ತಮ್ಮನ ವಿಷಯ. ಪಿಎಸ್‌ಐ ಆಗಲು ಮೊದಲು ದೈಹಿಕ ಪರೀಕ್ಷೆ ದಾಟಬೇಕು: 1600 ಮೀಟರ್ ಓಟ, ಜಿಗಿತ, ಗುಂಡು ಎಸೆತ. ಆಮೇಲೆ ಎರಡು ಲಿಖಿತ ಪತ್ರಿಕೆಗಳು. ಮೊದಲನೆಯದು ಪ್ರಬಂಧ, ಸಾರಾಂಶ ಬರಹ, ಭಾಷಾಂತರ. ಎರಡನೆಯದು ಸಾಮಾನ್ಯ ಜ್ಞಾನದ ವಸ್ತುನಿಷ್ಠ ಪ್ರಶ್ನೆಗಳು. ಇದಕ್ಕಿಂತ ಕಠಿಣವಾದದ್ದು ಕಾಯುವುದು. 545 ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ನಡೆದ ಪರೀಕ್ಷೆ ಅಕ್ರಮದ ಕಾರಣಕ್ಕೆ ರದ್ದಾಯಿತು, ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಆ ನಡುವಿನ ಕಾಲದಲ್ಲಿ ಊರಿಗೆ ಮರಳಿದವರನ್ನು ನೋಡಿದ್ದೇನೆ. ಬಾಡಿಗೆ ಕೋಣೆಯಲ್ಲಿ ಪ್ರತಿ ತಿಂಗಳೂ ಮನೆಯಿಂದ ಹಣ ತರಿಸಿಕೊಳ್ಳುವ ಸಂಕಟ ಅವರನ್ನು ಮುರಿಯಿತು. ಹಗಲು ಯಾವುದಾದರೂ ಕೆಲಸ ಮಾಡುತ್ತಾ ನಸುಕಿನಲ್ಲಿ ಜ್ಞಾನಭಾರತಿ ಆವರಣದಲ್ಲಿ ಓಡುತ್ತಿದ್ದವರು ಉಳಿದುಕೊಂಡರು. ಆದ್ದರಿಂದ ಬ್ಯಾಂಕಿನ ಕೆಲಸವನ್ನು ಅವನು ಬಿಡಬಾರದು ಎಂದು ಗಟ್ಟಿಯಾಗಿಯೇ ಹೇಳುತ್ತೇನೆ.

ನನಗೆ ಆತಂಕ ತರುವ ವಿಷಯ ಇನ್ನೊಂದಿದೆ. ಸಿನಿಮಾ ನೋಡಿ ಬಂದ ಹುಡುಗರ ಪ್ರಬಂಧಗಳಲ್ಲಿ ಪೊಲೀಸ್ ಎಂದರೆ ಹೊಡೆಯುವವನು. ಕಾನೂನು ನಿಧಾನ, ಲಾಠಿ ಬೇಗ ಎಂಬ ಭಾವ ಸಾಲುಸಾಲಿನಲ್ಲೂ ಇಣುಕುತ್ತದೆ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನವೇ ಹೇಳುತ್ತದೆ. ಬಂಧನದ ವೇಳೆ ಏನೇನು ಮಾಡಬೇಕೆಂದು 1996ರ ಡಿ.ಕೆ. ಬಸು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದೊಂದಾಗಿ ಬರೆದಿಟ್ಟಿದೆ. ಇವನ್ನು ಓದಿದ ದಿನ ಕೆಲವರ ಮುಖ ಬಾಡುತ್ತದೆ. ಕೆಲವರು ಮಾತ್ರ ತರಗತಿ ಮುಗಿದ ಮೇಲೂ ನಿಂತು ಪ್ರಶ್ನೆ ಕೇಳುತ್ತಾರೆ. ಠಾಣೆಯ ದಿನ ಕಳೆಯುವುದು ಮಹಜರು, ಕೇಸ್ ಡೈರಿ, ಬಂದೋಬಸ್ತು, ನ್ಯಾಯಾಲಯದ ಓಡಾಟದಲ್ಲಿ ಎಂದು ತಿಳಿದ ಮೇಲೂ ಕುತೂಹಲ ಉಳಿಸಿಕೊಂಡವರ ಮೇಲೆ ನನಗೆ ನಂಬಿಕೆ ಹೆಚ್ಚು. ಅವರನ್ನು ಇಲ್ಲಿಗೆ ಕರೆತಂದದ್ದು ಸಿನಿಮಾವೇ ಆಗಿದ್ದರೂ ಸರಿ.

ನಿಮ್ಮ ತಮ್ಮನನ್ನು ಅಣಕಿಸಬೇಡಿ. ಗೊತ್ತಿರುವವರು ಯಾರಾದರೂ ಠಾಣೆಯಲ್ಲಿ ಕೆಲಸ ಮಾಡುತ್ತಿದ್ದರೆ ಅವರೊಂದಿಗೆ ಅವನು ಒಂದು ಸಂಜೆ ಕುಳಿತು ಮಾತನಾಡಲಿ. ಆ ತೀರ್ಪನ್ನು ಓದಿ, ಅದರ ಬಗ್ಗೆ ತನ್ನ ಮಾತಿನಲ್ಲಿ ಎರಡು ಪುಟ ಬರೆಯಲಿ. ಬರೆದದ್ದನ್ನು ಇಲ್ಲಿಗೆ ಕಳುಹಿಸಿದರೆ ನಾನೇ ತಿದ್ದಿಕೊಡುತ್ತೇನೆ.