ಆ್ಯಪ್ ಪಕ್ಕಕ್ಕಿಡಿ, ಚಿಪ್ಪನ್ನೇ ನೇರ ಕೇಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಆನ್‌ಲೈನಿನಲ್ಲಿ ಒಂದು ಬ್ಲೂಟೂತ್ ಒಬಿಡಿ ಡಾಂಗಲ್ (ಕಾರಿನ ತಪಾಸಣೆ ಪೋರ್ಟಿಗೆ ಚುಚ್ಚುವ ಪುಟ್ಟ ಸಾಧನ) ತರಿಸಿದೆ. ಮೇಲೆ ಎಲ್ಮ್327 ಅಂತ ಬರೆದಿದೆ. ಫೋನಿಗೆ ಪೇರ್ ಆಗುತ್ತದೆ, ಆದರೆ ಆ್ಯಪ್ ಮಾತ್ರ ಇಸಿಯು (ಎಂಜಿನ್ ನೋಡಿಕೊಳ್ಳುವ ಕಂಪ್ಯೂಟರ್) ಸಿಗುತ್ತಿಲ್ಲ ಅನ್ನುತ್ತದೆ. 2018ರ ಪೆಟ್ರೋಲ್ ಕಾರು. ಗ್ಯಾರೇಜಿನ ಸ್ಕ್ಯಾನರ್‌ನಲ್ಲಿ ಎಲ್ಲಾ ಬರುತ್ತದೆ. ಕಮಾಂಡ್ ಟೈಪ್ ಮಾಡಿ ಸರಿ ಮಾಡಬಹುದಂತೆ, ಹೌದಾ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹೌದು. ಗ್ಯಾರೇಜಿನ ಸ್ಕ್ಯಾನರ್‌ಗೆ ಸಿಗುತ್ತದೆ ಅಂದಮೇಲೆ ಕಾರಿನ ಕಡೆ ತೊಂದರೆ ಇಲ್ಲ. ಉಳಿದದ್ದು ಡಾಂಗಲ್, ಇಲ್ಲಾ ಆ್ಯಪ್. ಎಲ್ಮ್327 ಅನ್ನುವುದು ಡಾಂಗಲ್ ಒಳಗಿರುವ ಚಿಪ್‌ನ ಹೆಸರು, ಕಾರಿಗೂ ಫೋನಿಗೂ ನಡುವೆ ಮಾತು ದಾಟಿಸುವುದು ಅದೇ. ತಪ್ಪು ಯಾವುದರದ್ದು ಅಂತ ಆ್ಯಪ್ ಬಾಯಿಬಿಡುವುದಿಲ್ಲ, ಸುಮ್ನೆ ಚಕ್ರ ತಿರುಗಿಸುತ್ತಾ ಕೂರುತ್ತದೆ. ಅದನ್ನು ಪೂರ್ತಿ ಮುಚ್ಚಿ, ಬ್ಲೂಟೂತ್ ಸೀರಿಯಲ್ ಟರ್ಮಿನಲ್ ಅನ್ನುವ ಬಗೆಯ ಯಾವುದಾದರೂ ಉಚಿತ ಆ್ಯಪ್ ಹಾಕಿಕೊಳ್ಳಿ. ಇಗ್ನಿಷನ್ ಆನ್ ಇರಲಿ. ಟರ್ಮಿನಲ್ ಸೆಟ್ಟಿಂಗಿನಲ್ಲಿ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ (ಸಾಲು ಮುಗಿಯಿತು ಅನ್ನುವ, ಕಣ್ಣಿಗೆ ಕಾಣದ ಗುರುತು) ಹೋಗುವಂತೆ ಇಡಿ. ಬರೀ ಲೈನ್ ಫೀಡ್ ಹೋದರೆ ಕಮಾಂಡ್ ಮುಗಿಯಿತು ಅಂತ ಚಿಪ್‌ಗೆ ಗೊತ್ತೇ ಆಗುವುದಿಲ್ಲ, ಸುಮಾರು 20 ಸೆಕೆಂಡ್ ಕಾದು ಒಂದು ಪ್ರಶ್ನಾರ್ಥಕ ಚಿಹ್ನೆ ಒಗೆಯುತ್ತದೆ. ಎಷ್ಟೋ ಜನ ಡಾಂಗಲ್ ಸತ್ತಿದೆ ಅಂತ ವಾಪಸ್ ಕಳಿಸುವುದು ಇಲ್ಲೇ.

ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ನೀವು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ಚಿಕ್ಕಕ್ಷರವೋ ದೊಡ್ಡಕ್ಷರವೋ, ನಡುವೆ ಜಾಗ ಬಿಟ್ಟಿರೋ ಇಲ್ಲವೋ, ಅದಕ್ಕೆ ಲೆಕ್ಕವಿಲ್ಲ. ಎಟಿ ಅಂತ ಶುರುವಾದರೆ ಅದು ಚಿಪ್‌ಗೆ ಹೇಳಿದ ಮಾತು. ಹಳೆ ಡಯಲಪ್ ಮೋಡೆಮ್ ಬಳಸಿದವರಿಗೆ ಈ ಎಟಿ ಪರಿಚಯ ಇದ್ದೇ ಇರುತ್ತದೆ. ಎಟಿ ಇಲ್ಲದೆ ಬರೀ ಹೆಕ್ಸ್ ಅಂಕಿ (0ಯಿಂದ 9, ಆಮೇಲೆ ಎಯಿಂದ ಎಫ್, ಹದಿನಾರರ ಲೆಕ್ಕ) ಹೊಡೆದರೆ ಚಿಪ್ ಅದನ್ನು ಗಾಡಿಗೆ ದಾಟಿಸುತ್ತದೆ. ಇಷ್ಟು ತಿಳಿದರೆ ಅರ್ಧ ಕೆಲಸ ಆಯಿತು.

ಮೊದಲು ಎಟಿಝಡ್. ಚಿಪ್ ರೀಸೆಟ್ ಆಗಿ ತನ್ನ ಹೆಸರು, ಆವೃತ್ತಿ ಹೇಳಿ > ಗುರುತು ತೋರಿಸುತ್ತದೆ. ಆ ಗುರುತು ಬಂದ ಮೇಲೇ ಮುಂದಿನ ಮಾತು. ಅವಸರಪಟ್ಟು ನಡುವೆ ಏನಾದರೂ ಒತ್ತಿದರೆ ಮಾಡುತ್ತಿದ್ದ ಕೆಲಸ ಬಿಟ್ಟು 'ಸ್ಟಾಪ್ಡ್' ಅನ್ನುತ್ತದೆ. ಆವೃತ್ತಿ 1.5 ಅಂತ ಬಂದರೆ ನಿಮ್ಮ ಕೈಯಲ್ಲಿರುವುದು ನಕಲಿ, ಅನುಮಾನವೇ ಬೇಡ. ಕೆನಡಾದ ಮೂಲ ಕಂಪನಿ 1.5 ಅಂತ ಒಂದನ್ನು ಮಾಡಲೇ ಇಲ್ಲ, 1.4 ಸರಣಿ ಆದಮೇಲೆ ನೇರ 2.0ಗೆ ಹೋಯಿತು. ಮೊದಲ ಆವೃತ್ತಿಯ ಪ್ರೋಗ್ರಾಂಗೆ ನಕಲು ತಡೆಯುವ ಬೀಗ ಹಾಕಿರಲಿಲ್ಲ, ಅಲ್ಲಿಂದಲೇ ಈ ನಕಲಿಗಳ ಸಂತೆ ಶುರುವಾದದ್ದು. ಆ ಕಂಪನಿಯೂ 2022ರಲ್ಲಿ ಬಾಗಿಲು ಹಾಕಿತು. ನಕಲಿ ಅಂದ ಮಾತ್ರಕ್ಕೆ ಎಸೆಯಬೇಕಿಲ್ಲ, 1.5 ಅನ್ನುವ ಕೆಲವು ಚೆನ್ನಾಗೇ ಕೆಲಸ ಮಾಡುತ್ತವೆ. 2.1 ಅಂತ ಹೇಳಿಕೊಳ್ಳುವ ತೀರಾ ಅಗ್ಗದವುಗಳ ಬಗ್ಗೆ ಮಾತ್ರ ಹುಷಾರು, ಅವುಗಳಲ್ಲಿ ಬೇಕಾದ ಕಮಾಂಡುಗಳೇ ಇರುವುದಿಲ್ಲ. ಎಟಿಪಿಪಿಎಸ್ ಹೊಡೆದು ನೋಡಿ. ಉದ್ದದ ಪಟ್ಟಿ ಬಂದರೆ ಪರವಾಗಿಲ್ಲ, ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ ಚಿಪ್‌ಗೆ ಆ ಮಾತೇ ಗೊತ್ತಿಲ್ಲ ಅಂತ.

ಈಗ ನಿಮ್ಮ ತೊಂದರೆಗೆ ಬರೋಣ. ಎಟಿಎಸ್‌ಪಿ0 ಹೊಡೆಯಿರಿ, ಕೊನೆಯದು ಸೊನ್ನೆ. ಪ್ರೋಟೋಕಾಲ್, ಅಂದರೆ ಕಾರು ಮಾತಾಡುವ ಭಾಷೆ, ನೀನೇ ಹುಡುಕಿಕೋ ಅಂತ ಅದರ ಅರ್ಥ. ಆಮೇಲೆ 0100. 'ಸರ್ಚಿಂಗ್' ಅಂತ ತೋರಿಸಿ, 41 00 ಅಂತ ಶುರುವಾಗುವ ಒಂದು ಸಾಲು ಬಂದರೆ ಇಸಿಯು ಮಾತಾಡಿತು! ತಕ್ಷಣ ಎಟಿಡಿಪಿಎನ್ ಹೊಡೆದರೆ ಯಾವ ಪ್ರೋಟೋಕಾಲ್ ಸಿಕ್ಕಿತು ಅಂತ ಗೊತ್ತಾಗುತ್ತದೆ. ಎ6 ಬಂದರೆ, ಎ ಅಂದರೆ ತಾನೇ ಹುಡುಕಿದ್ದು, 6 ಅಂದರೆ 11 ಬಿಟ್ ವಿಳಾಸದ, 500 ಕಿಲೋಬಿಟ್ ವೇಗದ ಕ್ಯಾನ್, ಅಂದರೆ ಕಾರಿನೊಳಗಿನ ಕಂಪ್ಯೂಟರುಗಳು ಮಾತಾಡಿಕೊಳ್ಳುವ ಜಾಲ. ಈಗಿನ ಕಾರುಗಳಲ್ಲಿ ಜಾಸ್ತಿ ಸಿಗುವುದು ಇದೇ. ಹಾಗಿದ್ದರೆ ಎಟಿಎಸ್‌ಪಿ6 ಅಂತ ಕೂರಿಸಿಬಿಡಿ, ಆ್ಯಪ್‌ನ ಸೆಟ್ಟಿಂಗಿನಲ್ಲೂ ಅದನ್ನೇ ಆರಿಸಿ. ಆ್ಯಪ್ ತಪ್ಪು ಪ್ರೋಟೋಕಾಲ್ ಹಿಡಿದು ಕೂತಿತ್ತು ಅನ್ನುವುದೇ ನನ್ನ ಗುಮಾನಿ.

0100 ಹೊಡೆದಾಗ 'ಅನೇಬಲ್ ಟು ಕನೆಕ್ಟ್' ಬಂದರೆ ಚಿಪ್ ತನಗೆ ಗೊತ್ತಿದ್ದ ಎಲ್ಲಾ ಪ್ರೋಟೋಕಾಲ್ ನೋಡಿ ಸೋತಿದೆ. ಇಗ್ನಿಷನ್ ನಿಜಕ್ಕೂ ಆನ್ ಇದೆಯಾ, ಡಾಂಗಲ್ ಪೂರ್ತಿ ಒಳಗೆ ಕೂತಿದೆಯಾ ನೋಡಿ. ಎರಡೂ ಸರಿ ಇದ್ದೂ ಹೀಗೇ ಬಂದರೆ ಡಾಂಗಲ್ಲೇ ಕೈಕೊಟ್ಟಿದೆ, ವಾಪಸ್ ಮಾಡಿ. 'ನೋ ಡೇಟಾ' ಬಂದರೆ ಕಥೆ ಬೇರೆ. ಕೇಳಿದ್ದು ಹೋಯಿತು, ಆದರೆ ಕಾಯುವಷ್ಟು ಹೊತ್ತಿನಲ್ಲಿ ಉತ್ತರ ಬರಲಿಲ್ಲ. ಆಗ ಎಟಿಎಸ್‌ಟಿಎಫ್‌ಎಫ್ ಹೊಡೆದು ಕಾಯುವ ಹೊತ್ತನ್ನು ಜಾಸ್ತಿ ಮಾಡಿ ಮತ್ತೆ ಕೇಳಿ. ಮಾಮೂಲಿಗೆ ಚಿಪ್ ಕಾಯುವುದು ಸುಮಾರು 200 ಮಿಲಿಸೆಕೆಂಡ್, ಇದರಿಂದ ಒಂದು ಸೆಕೆಂಡಿನ ಹತ್ತಿರ ಹೋಗುತ್ತದೆ.

ಪ್ರಶ್ನೆ: ಆಗುಂಬೆ ಘಾಟಿ ಹತ್ತುವಾಗ ಎಂಜಿನ್ ಬಿಸಿ ಮತ್ತು ಆರ್‌ಪಿಎಂ ನೋಡಬೇಕು ಅಂತ ಆಸೆ. ಟರ್ಮಿನಲ್‌ನಲ್ಲಿ ಕೇಳಿದರೆ ಅರ್ಥವಾಗದ ಅಂಕಿ ಬರುತ್ತದೆ, ಅದೂ ನಿಧಾನ.
– ಓದುಗರೊಬ್ಬರು, ಸಾಗರ

ಉತ್ತರ: ಆ ತಿರುವುಗಳಲ್ಲಿ ಫೋನ್ ನೋಡುವ ಕೆಲಸ ಪಕ್ಕದ ಸೀಟಿನವರದ್ದು, ಇದು ಷರತ್ತು.

ಅಂಕಿ ಕಷ್ಟವಿಲ್ಲ. ಕೂಲೆಂಟ್ ಬಿಸಿಗೆ 0105 ಕೇಳಿ. 41 05 7ಬಿ ಅಂತ ಬಂತು ಅನ್ನಿ. ನೀವು ಕೇಳಿದ 01ಕ್ಕೆ ಹೆಕ್ಸ್‌ನಲ್ಲಿ 40 ಸೇರಿ 41 ಆಗಿದೆ, ಅಂದರೆ ಇದು ಉತ್ತರ. ಕೊನೆಯ 7ಬಿ ನಮ್ಮ ಲೆಕ್ಕದಲ್ಲಿ 123. ಅದರಲ್ಲಿ 40 ಕಳೆದರೆ 83 ಡಿಗ್ರಿ ಸೆಲ್ಸಿಯಸ್. ಆರ್‌ಪಿಎಂಗೆ 010ಸಿ. 41 0ಸಿ 1ಎ ಎಫ್8 ಬಂದರೆ, 1ಎಎಫ್8 ಅಂದರೆ 6904, ನಾಲ್ಕರಿಂದ ಭಾಗಿಸಿ, 1726. ಫೋನಿನ ಕ್ಯಾಲ್ಕುಲೇಟರ್ ಆ್ಯಪ್‌ಗಳಲ್ಲಿ ಹೆಕ್ಸ್ ಮಾಡುವಂಥವು ಬೇಕಾದಷ್ಟಿವೆ.

ನಿಧಾನಕ್ಕೆ ಕಾರಣ, ಇನ್ನೊಂದು ಇಸಿಯು ಕೂಡ ಉತ್ತರ ಕೊಡಬಹುದೇನೋ ಅಂತ ಚಿಪ್ ಕಾಯುವುದು. ಊಟದ ಪಂಕ್ತಿಯಲ್ಲಿ ಕೊನೆಯವರು ಏಳಲಿ ಅಂತ ಕೂತ ಹಾಗೆ. 010ಸಿ1 ಅಂತ ಕೇಳಿ. ಕೊನೆಯ 1, ಒಂದೇ ಉತ್ತರ ಸಾಕು ಅಂತ. ಬಂದ ಕೂಡಲೇ > ತೋರಿಸುತ್ತದೆ. ಜೊತೆಗೆ ಎಟಿಇ0 ಕೊಟ್ಟರೆ ನೀವು ಹೊಡೆದದ್ದನ್ನೇ ವಾಪಸ್ ಒಪ್ಪಿಸುವುದು ನಿಲ್ಲುತ್ತದೆ, ಎಟಿಎಸ್0 ಕೊಟ್ಟರೆ ಅಂಕಿಗಳ ನಡುವಿನ ಜಾಗ ಹೋಗುತ್ತದೆ. ಎಟಿಎಟಿ2 ಕೊಟ್ಟರೆ ಗಾಡಿ ಎಷ್ಟು ಬೇಗ ಉತ್ತರ ಕೊಡುತ್ತದೆ ಅಂತ ನೋಡಿಕೊಂಡು ಕಾಯುವ ಹೊತ್ತನ್ನು ತಾನೇ ಇನ್ನಷ್ಟು ಕಡಿಮೆ ಮಾಡುತ್ತದೆ, ಆದರೆ ಹಳೆ ಕೆ-ಲೈನ್ (ಕ್ಯಾನ್‌ಗಿಂತ ಹಿಂದಿನ, ನಿಧಾನದ ಸಂಪರ್ಕ) ಗಾಡಿಯಲ್ಲಿ ಇದರಿಂದ ಉತ್ತರ ತಪ್ಪಿಹೋದರೆ ಎಟಿಎಟಿ1ಕ್ಕೆ ವಾಪಸ್ ಬನ್ನಿ. ಬರೀ ಎಂಟರ್ ಒತ್ತಿದರೆ ಹಿಂದಿನ ಕಮಾಂಡ್ ಮತ್ತೆ ಹೋಗುತ್ತದೆ, ಘಾಟಿಯಲ್ಲಿ ಇದು ತುಂಬಾ ಅನುಕೂಲ. ಡಾಂಗಲ್ ಕಿತ್ತರೆ ಇವೆಲ್ಲಾ ಮರೆತುಹೋಗುತ್ತವೆ, ಪ್ರತಿಸಲ ಹೊಸದಾಗಿ ಕೊಡಬೇಕು.

ಪ್ರಶ್ನೆ: ಎಂಜಿನ್ ಲೈಟ್ ಹೊತ್ತಿಕೊಂಡಿದೆ. 04 ಹೊಡೆದರೆ ಆರುತ್ತದಂತೆ. ಮತ್ತೆ, ಡಾಂಗಲ್ ಯಾವಾಗಲೂ ಕಾರಿನಲ್ಲೇ ಇರಬಹುದಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಆರುತ್ತದೆ, ಆದರೆ ಮೊದಲು 03 ಹೊಡೆದು, ಬಂದ ತೊಂದರೆ ಕೋಡನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. 43 01 01 33 ಬಂದರೆ ಕ್ಯಾನ್ ಗಾಡಿಯಲ್ಲಿ ಮೊದಲ 01 ಅಂದರೆ ಒಂದು ಕೋಡ್ ಇದೆ ಅಂತ, ಕೋಡ್ ಪಿ0133, ಆಕ್ಸಿಜನ್ ಸೆನ್ಸರ್ ನಿಧಾನವಾಗಿದೆ. 04 ಹೊಡೆದರೆ ಕೋಡ್ ಜೊತೆ, ಅದು ಬಂದ ಗಳಿಗೆಯ ಎಂಜಿನ್ ವಿವರವೂ ಅಳಿಸಿಹೋಗುತ್ತದೆ. ಆಮೇಲೆ ಸಾಗರ ರಸ್ತೆಯ ಯಾವ ಮೆಕ್ಯಾನಿಕ್ ಹತ್ತಿರ ಹೋದರೂ ಅವರ ಕೈಗೆ ಏನೂ ಸಿಗುವುದಿಲ್ಲ. ಕಾರಣ ಸರಿಪಡಿಸದೆ ಅಳಿಸಿದರೆ ಲೈಟ್ ಮತ್ತೆ ಬಂದೇ ಬರುತ್ತದೆ.

ಡಾಂಗಲ್ ಬಿಡಬೇಡಿ. ಪೋರ್ಟಿನ 16ನೇ ಪಿನ್‌ಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತದೆ, ಕೀ ತೆಗೆದರೂ ಡಾಂಗಲ್ ಎಚ್ಚರವಾಗೇ ಇರುತ್ತದೆ. ನಮ್ಮ ಕಡೆ ಮಳೆ ಹಿಡಿದರೆ ಕಾರು ವಾರಗಟ್ಟಲೆ ಶೆಡ್ಡಿನಿಂದ ಹೊರಗೆ ಬರುವುದಿಲ್ಲ, ಆಮೇಲೆ ಸ್ಟಾರ್ಟ್ ಆಗದೆ ತಳ್ಳಬೇಕು. ಬ್ಯಾಟರಿ ನೋಡಲು ಎಟಿಆರ್‌ವಿ ಇದೆ. ಎಂಜಿನ್ ಆಫ್ ಇದ್ದಾಗ 12.6ರ ಸುತ್ತ, ಓಡುವಾಗ 14ರ ಆಸುಪಾಸು ಇದ್ದರೆ ಚೆನ್ನ. ಅಗ್ಗದ ಡಾಂಗಲ್ ತಪ್ಪು ತೋರಿಸುತ್ತಿದ್ದರೆ ಮಲ್ಟಿಮೀಟರ್‌ನಲ್ಲಿ ಅಳೆದು, 12.60 ಬಂದರೆ ಎಟಿಸಿವಿ1260 ಅಂತ ಕೊಡಿ, ಅದಕ್ಕೆ ಸರಿಹೊಂದಿಸಿಕೊಳ್ಳುತ್ತದೆ.

ಪ್ರಶ್ನೆ: ನಮ್ಮ ತೋಟದ ಹಳೆ ಡೀಸೆಲ್ ಜೀಪಿಗೆ ಇದು ಹಾಕಬಹುದಾ?
– ಓದುಗರೊಬ್ಬರು, ಹೊಸನಗರ

ಉತ್ತರ: ಎಲ್ಲಿಗೆ ಹಾಕುತ್ತೀರಿ? ಆ ಜೀಪುಗಳಲ್ಲಿ ಇಸಿಯೂ ಇಲ್ಲ, ಪೋರ್ಟೂ ಇಲ್ಲ. ಹೊಗೆಯ ಬಣ್ಣ ನೋಡುವ ನಿಮ್ಮ ಮೆಕ್ಯಾನಿಕ್ಕೇ ಸಾಕು.