ಹಳೇ ಹಾಯಿದೋಣಿ: ಮೊದಲು ಯಾವುದಕ್ಕೆ ದುಡ್ಡು ಹಾಕಬೇಕು?

ಪ್ರಶ್ನೆ: ನಾನು ಕುಂದಾಪುರದವನು, ಈಗ ಕ್ಯಾಲಿಫೋರ್ನಿಯಾದ ಅಲಮೇಡಾದಲ್ಲಿದ್ದೇನೆ. ಅಗ್ಗಕ್ಕೆ ಸಿಕ್ಕಿತೆಂದು 1978ರ ಕ್ಯಾಟಲಿನಾ 27 ಹಾಯಿದೋಣಿ ಕೊಂಡಿದ್ದೇನೆ. ಒಳಗಿರುವುದು ಪೆಟ್ರೋಲಿನ ಅಟಾಮಿಕ್ 4 ಎಂಜಿನ್. ಚಾರ್ಟ್‌ಪ್ಲಾಟರ್ (ದೋಣಿ ಎಲ್ಲಿದೆಯೆಂದು ನಕ್ಷೆಯ ಮೇಲೆ ತೋರಿಸುವ ಪರದೆ), ಲಿಥಿಯಂ ಬ್ಯಾಟರಿ, ಸೋಲಾರ್ ಪ್ಯಾನೆಲ್ ಹಾಕಿಸುವ ಆಸೆ. ಆದರೆ ಡೆಕ್ಕಿನ, ಅಂದರೆ ದೋಣಿಯ ಮೇಲ್ಹಾಸಿನ, ಒಂದು ಕಡೆ ಕಾಲಿಟ್ಟರೆ ಮೆತ್ತಗೆ ಕುಗ್ಗುತ್ತದೆ. ದೋಣಿಯನ್ನು ನೀರಿನಿಂದ ಎತ್ತಿಸಿದಾಗ ಕೀಲ್ (ದೋಣಿಯ ತಳದಡಿ ಇಳಿಬಿದ್ದಿರುವ ಭಾರದ ರೆಕ್ಕೆ) ತಳಕ್ಕೆ ಕೂಡುವ ಕಡೆ, ಮುಂಭಾಗದಲ್ಲಿ, ಬಿರುಕು ಕಂಡಿತು. ನೋಡಿದವರು "ಇದು ಮಾಮೂಲು" ಎಂದರು. ಎಲ್ಲಿಂದ ಶುರು ಮಾಡಲಿ?

ಉತ್ತರ: ಚಾರ್ಟ್‌ಪ್ಲಾಟರ್ ಈ ವರ್ಷ ಬೇಡ. ನೀರನ್ನು ಹೊರಗಿಡುವ, ಹಾಯಿಯ ಕಂಬವನ್ನು ನಿಲ್ಲಿಸಿಟ್ಟಿರುವ ಭಾಗಗಳೆಲ್ಲ ಗಟ್ಟಿಯಾದ ಮೇಲೆ ಉಳಿದದ್ದು. ಬೇಸಿಗೆಯ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ 20–25 ನಾಟ್ (ಗಂಟೆಗೆ ಸುಮಾರು 37–46 ಕಿ.ಮೀ.) ಗಾಳಿ ಬೀಸುವುದು ವಿಶೇಷವೇನಲ್ಲ. ಅಂಥ ಗಾಳಿಯಲ್ಲಿ ದೋಣಿ ವಾಲಿದಾಗ ಹೊರೆ ಬೀಳುವುದು ಕೀಲಿನ ಮೇಲೆ, ಕಂಬದ ತಂತಿಗಳ ಮೇಲೆ.

ಮೊದಲು ಬಿರುಕಿನ ವಿಷಯ. ಇದು ಎಷ್ಟು ಸಾಮಾನ್ಯವೆಂದರೆ, ಇದಕ್ಕೆ "ಕ್ಯಾಟಲಿನಾ ಸ್ಮೈಲ್" (ಕ್ಯಾಟಲಿನಾ ನಗು) ಎಂಬ ಹೆಸರೇ ಇದೆ. ಸಾಮಾನ್ಯ ಎಂದ ಮಾತ್ರಕ್ಕೆ ನಿರಪಾಯಕಾರಿ ಅಲ್ಲ. ನಿಮ್ಮ ದೋಣಿಯ ಕೆಳಗೆ ಸುಮಾರು 1,200 ಕಿಲೋ ಸೀಸ ಬೋಲ್ಟುಗಳ ಮೇಲೆ ನೇತಾಡುತ್ತಿದೆ. ಹಳೆಯ ಕ್ಯಾಟಲಿನಾಗಳಲ್ಲಿ ಆ ಬೋಲ್ಟುಗಳು ಹೆಚ್ಚಾಗಿ ಮೈಲ್ಡ್ ಸ್ಟೀಲಿನವು. ಕೀಲ್ ಕೂಡುವ ಜಾಗದ ಫೈಬರ್ ಒಳಗೆ ಪ್ಲೈವುಡ್ ಇಟ್ಟದ್ದೂ ಉಂಟು. ಅದು ನೆನೆದರೆ ಬೋಲ್ಟ್ ಬಿಗಿದಷ್ಟೂ ಮರ ಕುಗ್ಗುತ್ತದೆ, ಬಿಗಿ ನಿಲ್ಲುವುದಿಲ್ಲ.

ಹೀಗೆ ನೋಡಿ. ದೋಣಿ ಕ್ರೇನಿನ ಪಟ್ಟಿಗಳಲ್ಲಿ ನೇತಾಡುತ್ತಿರುವಾಗ ಬಿರುಕಿನ ಅಗಲ ಗಮನಿಸಿ, ಕೀಲ್ ನೆಲಕ್ಕೆ ಕೂತ ಮೇಲೆ ಮತ್ತೆ ನೋಡಿ. ನೇತಾಡುವಾಗ ಬಾಯಿ ಬಿಟ್ಟು, ಕೂತಾಗ ಮುಚ್ಚಿದರೆ ಬೋಲ್ಟ್ ಸಡಿಲವಾಗಿದೆ. ಎತ್ತಿಸಿ ಒಂದೆರಡು ದಿನ ಆದ ಮೇಲೂ ಬಿರುಕಿನಿಂದ ತುಕ್ಕಿನ ಬಣ್ಣದ ನೀರು ಜಿನುಗುತ್ತಿದ್ದರೆ ಬೋಲ್ಟ್ ಒಳಗೊಳಗೇ ಸವೆಯುತ್ತಿದೆ ಎಂದು ತಿಳಿಯಿರಿ. ದೋಣಿಯೊಳಗೆ ತಳದ ಹಲಗೆ ಎತ್ತಿ ನಟ್ಟುಗಳ ಸುತ್ತ ತುಕ್ಕಿನ ಪದರವನ್ನು ಸುತ್ತಿಗೆಯಿಂದ ಉದುರಿಸಿ, ಒಳ್ಳೆಯ ಲೋಹ ಎಷ್ಟು ಉಳಿದಿದೆ ನೋಡಿ. ಹಳೆಯದರ ಪಕ್ಕದಲ್ಲೇ ಸೀಸಕ್ಕೆ ಹೊಸ ಸ್ಟೇನ್‌ಲೆಸ್ ಬೋಲ್ಟ್ ಇಳಿಸುವುದು ಈ ದೋಣಿಗಳಿಗೆ ರೂಢಿಯಲ್ಲಿರುವ ಪರಿಹಾರ. ಬಿರುಕಿಗೆ ಫಿಲ್ಲರ್ ಮೆತ್ತಿ ಬಣ್ಣ ಬಳಿಯುವುದು ರಿಪೇರಿ ಅಲ್ಲ, ರೋಗವನ್ನು ಮುಚ್ಚಿಟ್ಟಂತೆ. 2014ರ ಮೇ ತಿಂಗಳಲ್ಲಿ ಅಟ್ಲಾಂಟಿಕ್ ನಡುವೆ ಚೀಕಿ ರಫೀಕಿ ಎಂಬ ಹಾಯಿದೋಣಿಯ ಕೀಲ್ ಕಳಚಿ ನಾಲ್ವರು ಜೀವ ಕಳೆದುಕೊಂಡರು. ಅದನ್ನು ಕಟ್ಟಿದ ರೀತಿಯೇ ಬೇರೆ, ಆದರೂ ಕೀಲಿನ ವಿಷಯದಲ್ಲಿ "ನೋಡೋಣ ಬಿಡಿ" ಎನ್ನುವವರ ಮಾತು ಕೇಳಬೇಡಿ.

ದೋಣಿ ದಡದಲ್ಲಿರುವಾಗಲೇ ತಳದ ವಾಲ್ವುಗಳನ್ನೂ ನೋಡಿಬಿಡಿ. ಮನೆಯ ನಲ್ಲಿಯ ಹಾಗೆ ತಿರುಗಿಸುವ ಹಿತ್ತಾಳೆಯ ಗೇಟ್ ವಾಲ್ವ್ ಇನ್ನೂ ಇದ್ದರೆ ಎಲ್ಲವನ್ನೂ ತೆಗೆಸಿ. ಉಪ್ಪುನೀರು ಹಿತ್ತಾಳೆಯಲ್ಲಿನ ಸತುವನ್ನು ತಿಂದುಹಾಕುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ವಾಲ್ವ್ ಬೇಕಾದ ಹೊತ್ತಿಗೆ ಕೈಯಲ್ಲೇ ಮುರಿಯುತ್ತದೆ. ಕಂಚಿನ ಸೀಕಾಕ್ (ದೋಣಿಯ ತಳಕ್ಕೆಂದೇ ಮಾಡಿದ ವಾಲ್ವ್) ಹಾಕಿಸಿ.

ಇನ್ನು ಡೆಕ್. ಎರಡು ತೆಳು ಫೈಬರ್ ಪದರಗಳ ನಡುವೆ ಮರ ಇರುತ್ತದೆ. ಮೇಲೆ ಕೂರಿಸಿದ ಪ್ರತಿ ಬೋಲ್ಟಿನ ತೂತೂ ನೀರಿಗೆ ಒಂದು ದಾರಿ. ಪ್ಲಾಸ್ಟಿಕ್ ಸುತ್ತಿಗೆಯ ಹಿಡಿಯಿಂದ, ಹಲಸಿನಹಣ್ಣು ತಟ್ಟಿ ನೋಡುವ ಹಾಗೆ, ಇಡೀ ಡೆಕ್ ತಟ್ಟುತ್ತಾ ಹೋಗಿ. ಗಟ್ಟಿ ಜಾಗ ಟಕ್ ಟಕ್ ಎನ್ನುತ್ತದೆ, ಕೊಳೆತ ಜಾಗ ದೊಪ್ ಎನ್ನುತ್ತದೆ. ಶಬ್ದ ಬದಲಾಗುವ ಗೆರೆಯನ್ನು ಪೆನ್ಸಿಲ್ಲಿನಲ್ಲಿ ಗುರುತು ಮಾಡಿ. ಅಂಚಿನ ಕಂಬಿಯ ಬುಡದ ಒಂದು ಬೋಲ್ಟ್ ಬಿಚ್ಚಿದರೆ ಸಾಕು. ಚಹಾ ಬಣ್ಣದ ನೀರು, ಕೊಳೆತ ಮರದ ವಾಸನೆ ಹೊರಬಂದರೆ ಅನುಮಾನ ಉಳಿಯುವುದಿಲ್ಲ.

ತೂತು ಕೊರೆದು ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ) ತುಂಬಿದರೆ ಸಾಕು ಎಂದು ಹೇಳುವವರು ಸಿಗುತ್ತಾರೆ. ಒದ್ದೆ ಮರಕ್ಕೆ ಎಪಾಕ್ಸಿ ಹಿಡಿಯುವುದಿಲ್ಲ. ಮೇಲಿನ ಪದರವನ್ನು ತುಂಡಾಗಿ ಕತ್ತರಿಸಿ ಎತ್ತಿ, ಕೊಳೆತದ್ದನ್ನೆಲ್ಲ ಕೆರೆದು, ಚೆನ್ನಾಗಿ ಒಣಗಲು ಬಿಟ್ಟು, ಹೊಸ ಮರವನ್ನು ಎಪಾಕ್ಸಿಯಲ್ಲಿ ಕೂರಿಸಿ, ಮತ್ತೆ ಫೈಬರ್ ಹೊದಿಸಬೇಕು. ಬೇಸರದ ಕೆಲಸ ನಿಜ, ಆದರೆ ಕೈಯಲ್ಲಿ ಸಮಯವಿರುವವರು ತಾವೇ ಮಾಡಬಹುದಾದದ್ದು, ಸಾಮಾನಿಗಿಂತ ಕೂಲಿಯೇ ದುಬಾರಿ. ಫಿಟ್ಟಿಂಗ್ ಮರಳಿ ಕೂರಿಸುವಾಗ ತೂತನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಗಟ್ಟಿ ಎಪಾಕ್ಸಿ ತುಂಬಿ, ಅದರ ನಡುವೆ ಹೊಸ ತೂತು ಹಾಕಿ. ಆಗ ಮುಂದೊಮ್ಮೆ ಸೋರಿದರೂ ನೀರು ಮರಕ್ಕೆ ತಾಗುವುದಿಲ್ಲ. ಫಿಟ್ಟಿಂಗ್ ಕೆಳಗೆ ಸೋರದಂತೆ ಬ್ಯೂಟೈಲ್ ಟೇಪ್ (ಮೆತ್ತನೆಯ ರಬ್ಬರಿನಂಥ ಅಂಟುಪಟ್ಟಿ) ಇಡಿ, ಸಿಲಿಕೋನ್ ಬೇಡ.

ಕಂಬದ ಸ್ಟೇನ್‌ಲೆಸ್ ತಂತಿಗಳು ಯಾವ ವರ್ಷದವು ಎಂದು ಹಳೇ ಮಾಲೀಕರನ್ನು ಕೇಳಿ. ಉತ್ತರ ಬರದಿದ್ದರೆ ಬದಲಿಸಿ. ಉಪ್ಪುನೀರಿನಲ್ಲಿ 10–15 ವರ್ಷ ಅವುಗಳ ಆಯಸ್ಸು. ಅಷ್ಟರವರೆಗೆ ಹತ್ತಿಯ ಉಂಡೆಯನ್ನು ತಂತಿಯುದ್ದಕ್ಕೂ ಎಳೆಯಿರಿ, ಎಳೆ ಮುರಿದ ಕಡೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಕಂಬದ ಅಡ್ಡ ತೋಳುಗಳನ್ನು ಹಿಡಿದಿರುವ ಎರಕದ ಅಲ್ಯೂಮಿನಿಯಂ ಬ್ರಾಕೆಟ್ ಹಳೆಯದೇ ಇದ್ದರೆ ಅದನ್ನೂ ಸ್ಟೇನ್‌ಲೆಸ್‌ಗೆ ಬದಲಿಸಿ.

ಅಟಾಮಿಕ್ 4 ಒಳ್ಳೆಯ ಎಂಜಿನ್. ಕಂಪ್ರೆಷನ್ ಸರಿಯಿದ್ದರೆ ಇಟ್ಟುಕೊಳ್ಳಿ, ಹೊಸ ಡೀಸೆಲ್ ಎಂಜಿನ್ ದೋಣಿಯ ಬೆಲೆಯನ್ನೇ ಮೀರಬಹುದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ಸ್ಟಾರ್ಟ್ ಮಾಡುವ ಮುನ್ನ ಕನಿಷ್ಠ 4 ನಿಮಿಷ ಬ್ಲೋವರ್ (ಆವಿಯನ್ನು ಹೊರಹಾಕುವ ಫ್ಯಾನ್) ಓಡಿಸಿ, ತಳಕ್ಕೆ ಮೂಗು ಬಗ್ಗಿಸಿ ವಾಸನೆ ನೋಡಿ. ಕಾರಿನ ಆಲ್ಟರ್ನೇಟರ್, ಕಾರಿನ ಸ್ಟಾರ್ಟರ್ ಅಗ್ಗವೆಂದು ಹಾಕಬೇಡಿ. ಅವುಗಳ ಕಿಡಿಗೆ ತಡೆಯಿಲ್ಲ.

ಲಿಥಿಯಂ ಹಾಕುವ ದಿನ ಬಂದಾಗ ಎರಡು ಮಾತು ನೆನಪಿಡಿ. ಲಿಥಿಯಂ ಬ್ಯಾಟರಿ ಹಳೇ ಆಲ್ಟರ್ನೇಟರಿನ ಶಕ್ತಿಯನ್ನೆಲ್ಲ ಎಳೆದು ಅದನ್ನು ಸುಡಬಲ್ಲದು, ನಡುವೆ ಆ ಎಳೆತಕ್ಕೆ ಮಿತಿ ಹಾಕುವ ಡಿಸಿ-ಡಿಸಿ ಚಾರ್ಜರ್ ಇರಲಿ. ವೈರ್ ತವರ ಲೇಪಿಸಿದ ತಾಮ್ರದ್ದಿರಲಿ, ಮುಖ್ಯ ಫ್ಯೂಸ್ ಬ್ಯಾಟರಿಯಿಂದ 7 ಇಂಚಿನೊಳಗಿರಲಿ.

ಪ್ರಶ್ನೆ: ನಮ್ಮ ಹಳೇ ಫೈಬರ್ ದೋಣಿಯ ತಳದಲ್ಲಿ ಸಣ್ಣ ಸಣ್ಣ ಗುಳ್ಳೆಗಳೆದ್ದಿವೆ. ಇಡೀ ತಳ ಕೆರೆಸಿ ಎಪಾಕ್ಸಿ ಹೊಡೆಸಬೇಕಂತೆ, ಹೌದೇ? – ಓದುಗರು, ಸಿಡ್ನಿ

ಉತ್ತರ: ಅವಸರ ಬೇಡ. ಪಾಲಿಯೆಸ್ಟರ್ ರಾಳದೊಳಗೆ ನೀರು ಸೇರಿ ಏಳುವ ಗುಳ್ಳೆಗಳಿವು. ಇವುಗಳಿಂದ ದೋಣಿ ಮುಳುಗುವುದು ತೀರಾ ಅಪರೂಪ. ಒಂದನ್ನು ಒಡೆದು ನೋಡಿ, ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಂಡೇ ಒಡೆಯಿರಿ, ಒಳಗಿನ ಹುಳಿ ವಾಸನೆಯ ದ್ರವ ಒತ್ತಡದಿಂದ ಚಿಮ್ಮುತ್ತದೆ. ಗುಳ್ಳೆಗಳು ಮೇಲಿನ ಜೆಲ್‌ಕೋಟಿಗಷ್ಟೇ (ಹೊರಮೈಯ ನುಣುಪು ಲೇಪನ) ಸೀಮಿತವಾಗಿದ್ದರೆ ಪ್ರತಿ ಗುಳ್ಳೆಯನ್ನು ತೆರೆದು, ಸಿಹಿನೀರಿನಲ್ಲಿ ತೊಳೆದು, ಒಣಗಿಸಿ ಎಪಾಕ್ಸಿ ತುಂಬಿದರೆ ಸಾಕು. ಕೆಳಗಿನ ಫೈಬರ್ ಪದರಗಳೇ ಬಿಟ್ಟುಕೊಂಡಿದ್ದರೆ ಮಾತ್ರ ಇಡೀ ತಳದ ಖರ್ಚಿಗೆ ಕೈಹಾಕಿ. ಅದಕ್ಕೂ ಮುಂಚೆ, ರಿಪೇರಿ ಮಾಡುವವರಲ್ಲದ ಬೇರೊಬ್ಬ ಸರ್ವೇಯರ್‌ನಿಂದ (ದೋಣಿ ಪರೀಕ್ಷಕರಿಂದ) ತಳ ತಪಾಸಣೆ ಮಾಡಿಸಿ.