ಎರಡು ಡೈರೆಕ್ಟ್ ಡೆಬಿಟ್ ಎಲ್ಲಿಂದ ತರೋದು?

ಈ ಸಲದ ಪತ್ರಗಳಲ್ಲಿ ವೀಸಾ, ಬಾಡಿಗೆ, ಮಕ್ಕಳ ಶಾಲೆ ಎಲ್ಲ ಹಿಂದೆ ಬಿದ್ದಿವೆ. ಬ್ರಿಟನ್ನಿನ ಬ್ಯಾಂಕುಗಳು "ಹಳೆಯ ಖಾತೆ ಬಿಟ್ಟು ನಮ್ಮಲ್ಲಿಗೆ ಬನ್ನಿ, 150 ಪೌಂಡ್ ಕೊಡುತ್ತೇವೆ, 200 ಕೊಡುತ್ತೇವೆ" ಎಂದು ಕರೆಯುತ್ತಿರುವುದೇ ಕಾರಣ. ಕರೆಯುವುದೇನೋ ಸರಿ, ಆಮೇಲೆ ಬಾಗಿಲಲ್ಲೇ ನಿಲ್ಲಿಸಿ "ಎರಡು ಡೈರೆಕ್ಟ್ ಡೆಬಿಟ್ ತಂದಿದ್ದೀರಾ?" ಅಂತ ಕೇಳುತ್ತವೆ. ಅಂದರೆ ಬಿಲ್ಲಿನ ದುಡ್ಡನ್ನು ಕಂಪನಿಯೇ ನಿಮ್ಮ ಖಾತೆಯಿಂದ ಎಳೆದುಕೊಳ್ಳಲು ನೀವು ಕೊಟ್ಟ ಒಪ್ಪಿಗೆ. ಬಹಳ ಜನ ಸಿಕ್ಕಿಕೊಂಡಿರುವುದು ಅಲ್ಲೇ. ಒಂದೇ ಥರದ ಪತ್ರಗಳನ್ನು ಒಟ್ಟು ಮಾಡಿ ಆರು ಪ್ರಶ್ನೆಗೆ ಇಳಿಸಿದ್ದೇನೆ.

ಪ್ರಶ್ನೆ: ನನ್ನ ಖಾತೆಯಿಂದ ಪ್ರತಿ ತಿಂಗಳು ಮೂರು ಕಡೆ ತಾನಾಗಿಯೇ ದುಡ್ಡು ಹೋಗುತ್ತದೆ. ಮನೆ ಬಾಡಿಗೆ, ಜಿಮ್, ಮತ್ತೆ ಹಾಡು ಕೇಳುವ ಒಂದು ಆ್ಯಪ್. ಆದರೂ ಬ್ಯಾಂಕಿನವರು ನಿಮ್ಮ ಹತ್ತಿರ ಒಂದೂ ಡೈರೆಕ್ಟ್ ಡೆಬಿಟ್ ಇಲ್ಲ ಅನ್ನುತ್ತಾರೆ. ಇದು ಯಾವ ಲೆಕ್ಕ? (ರೆಡಿಂಗ್‌ನಿಂದ)

ಉತ್ತರ: ಲೆಕ್ಕ ಅವರದ್ದೇ ಸರಿ. ತಾನಾಗಿ ಹೋಗುವುದೆಲ್ಲ ಡೈರೆಕ್ಟ್ ಡೆಬಿಟ್ ಅಲ್ಲ.

ನಿಮ್ಮ ಬಾಡಿಗೆ ಸ್ಟ್ಯಾಂಡಿಂಗ್ ಆರ್ಡರ್ ಇರಬೇಕು. ಅಂದರೆ "ಒಂದನೇ ತಾರೀಕು ಇಷ್ಟು ಕಳಿಸು" ಎಂದು ನಿಮ್ಮ ಬ್ಯಾಂಕಿಗೆ ನೀವೇ ಹೇಳಿಟ್ಟಿದ್ದೀರಿ. ಡೈರೆಕ್ಟ್ ಡೆಬಿಟ್‌ನಲ್ಲಿ ಉಲ್ಟಾ. ಎದುರಿನವರು ಬಂದು ಎಳೆದುಕೊಳ್ಳುತ್ತಾರೆ, ನೀವು ಒಪ್ಪಿಗೆ ಕೊಟ್ಟು ಕೂತಿರುತ್ತೀರಿ. ಈ ತಿಂಗಳು ಕರೆಂಟು ಬಿಲ್ಲು 60 ಪೌಂಡ್ ಇದ್ದು ಮುಂದಿನ ತಿಂಗಳು 85 ಆದರೂ ಅವರೇ ಮೊತ್ತ ಬದಲಿಸಿ ಎಳೆಯಬಹುದು. ಆದರೆ ಮೊದಲೇ ತಿಳಿಸಬೇಕು, ಸಾಮಾನ್ಯವಾಗಿ 10 ಕೆಲಸದ ದಿನ ಮುಂಚೆ. ತಪ್ಪಾಗಿ ಎಳೆದರೆ ನಿಮ್ಮ ಬ್ಯಾಂಕು ಕೂಡಲೇ ವಾಪಸ್ ಕೊಡಬೇಕು. ಡೈರೆಕ್ಟ್ ಡೆಬಿಟ್ ಗ್ಯಾರಂಟಿ ಅನ್ನುವುದು ಇದನ್ನೇ.

ಆ ಹಾಡಿನ ಆ್ಯಪ್ ಕಾರ್ಡಿನ ಮೇಲೆ ಕೂತಿದೆ. ಜಿಮ್ ಕೂಡ ಬಹುಶಃ ಹಾಗೇ. ಗುರುತು ಹಿಡಿಯುವುದು ಸುಲಭ: ಸೇರುವಾಗ ನೀವು ಏನು ಬರೆದುಕೊಟ್ಟಿರಿ ನೆನಪು ಮಾಡಿಕೊಳ್ಳಿ. ಕಾರ್ಡಿನ 16 ಅಂಕಿ, ಹಿಂದಿನ 3 ಅಂಕಿ ಕೊಟ್ಟಿದ್ದರೆ ಅದು ಕಾರ್ಡ್ ಪಾವತಿ. ಬ್ಯಾಂಕನ್ನು ಗುರುತಿಸುವ 6 ಅಂಕಿಯ ಸಾರ್ಟ್ ಕೋಡ್, 8 ಅಂಕಿಯ ಖಾತೆ ನಂಬರ್ ಕೊಟ್ಟು ಎಳೆದುಕೊಳ್ಳಲು ಒಪ್ಪಿಗೆ ಹಾಕಿದ್ದರೆ ಡೈರೆಕ್ಟ್ ಡೆಬಿಟ್. ಅನುಮಾನ ಇದ್ದರೆ ಬ್ಯಾಂಕ್ ಆ್ಯಪ್‌ನಲ್ಲಿ ಡೈರೆಕ್ಟ್ ಡೆಬಿಟ್ ಪಟ್ಟಿ ಅಂತಲೇ ಒಂದು ಇರುತ್ತದೆ, ತೆಗೆದು ನೋಡಿ. ಆ ಪಟ್ಟಿಯಲ್ಲಿ ಇಲ್ಲದ್ದು ಲೆಕ್ಕಕ್ಕಿಲ್ಲ.

ಇನ್ನೊಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಖಾತೆ ಬದಲಾದಾಗ ಸ್ಟ್ಯಾಂಡಿಂಗ್ ಆರ್ಡರ್, ಡೈರೆಕ್ಟ್ ಡೆಬಿಟ್ ಎರಡೂ ತಾವಾಗಿಯೇ ಹೊಸ ಖಾತೆಗೆ ಬರುತ್ತವೆ. ಕಾರ್ಡಿನ ಮೇಲೆ ಕೂತಿದ್ದು ಬರುವುದಿಲ್ಲ. ಹಳೆಯ ಕಾರ್ಡ್ ಸತ್ತ ದಿನ ನಿಮ್ಮ ಹಾಡೂ ನಿಲ್ಲುತ್ತದೆ. ಜಿಮ್‌ನವರನ್ನು ಡೈರೆಕ್ಟ್ ಡೆಬಿಟ್‌ಗೆ ಹಾಕಿಕೊಡಿ ಎಂದು ಕೇಳಿ ನೋಡಿ, ಎಷ್ಟೋ ಜಿಮ್‌ಗಳಿಗೆ ಅದೇ ಇಷ್ಟ. ಆಗ ಒಂದು ಸಿಕ್ಕಿತು.

ಪ್ರಶ್ನೆ: ನಾನು ವಿದ್ಯಾರ್ಥಿ, ನಾಲ್ಕು ಜನ ಸೇರಿ ಇರುವ ಮನೆ. ಕರೆಂಟು, ನೀರು, ವೈಫೈ ಎಲ್ಲ ಬಾಡಿಗೆಯಲ್ಲೇ ಸೇರಿದೆ. ನನ್ನ ಹೆಸರಲ್ಲಿ ಒಂದು ಬಿಲ್ಲೂ ಇಲ್ಲ. ಹೊಸದಾಗಿ ಖರ್ಚು ಮಾಡದೆ ಎರಡು ಡೈರೆಕ್ಟ್ ಡೆಬಿಟ್ ಹುಟ್ಟಿಸುವುದು ಹೇಗೆ? (ಲೆಸ್ಟರ್‌ನಿಂದ)

ಉತ್ತರ: ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳೇ ಆಗಿರುವ ಮನೆಗೆ ಕೌನ್ಸಿಲ್ ಟ್ಯಾಕ್ಸ್ (ಊರಿನ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ) ಇಲ್ಲ, ಹಾಗಾಗಿ ಆ ದಾರಿ ಮುಚ್ಚಿತು. ಖುಷಿ ಪಡಬೇಕಾದ ವಿಷಯವೇ ಬಿಡಿ.

ಮೊದಲು ಫೋನ್ ನೋಡಿ. ನೀವು ಆಗಾಗ ಟಾಪ್‌ಅಪ್ ಮಾಡುವ ಸಿಮ್ ಇಟ್ಟುಕೊಂಡಿದ್ದರೆ, ತಿಂಗಳ ಬಿಲ್ಲಿನ ಸಿಮ್‌ಗೆ ಬದಲಾಯಿಸಿ. ಹೇಗೂ ಕೊಡುತ್ತಿದ್ದ ದುಡ್ಡು ಡೈರೆಕ್ಟ್ ಡೆಬಿಟ್ ಆಗಿ ಹೋಗುತ್ತದೆ ಅಷ್ಟೇ. ವರ್ಷಗಟ್ಟಲೆ ಒಪ್ಪಂದಕ್ಕೆ ಕಟ್ಟಿಹಾಕುವ ಸಿಮ್ ಬೇಡ, ತಿಂಗಳಿಗೊಮ್ಮೆ ಬಿಡಬಹುದಾದದ್ದು ನೋಡಿ.

ಎರಡನೆಯದಕ್ಕೆ ಕ್ರೆಡಿಟ್ ಕಾರ್ಡ್ ಇದ್ದರೆ, ಅದರ ಬಾಕಿಯನ್ನು ಡೈರೆಕ್ಟ್ ಡೆಬಿಟ್‌ನಲ್ಲಿ ತೀರಿಸುವ ಹಾಗೆ ಮಾಡಿ. ಪೂರ್ತಿ ಬಾಕಿ ಅಂತಲೇ ಆರಿಸಿ, ಕನಿಷ್ಠ ಮೊತ್ತ ಆರಿಸಿದರೆ ಬಡ್ಡಿ ಬೆಳೆಯುತ್ತದೆ. ಆದರೆ ಬಾಕಿ ಸೊನ್ನೆ ಇದ್ದ ತಿಂಗಳು ಏನೂ ಎಳೆಯುವುದಿಲ್ಲ. ಹಾಗಾಗಿ ಒಂದು ಹಾಲಿನ ಡಬ್ಬಿಯಾದರೂ ಆ ಕಾರ್ಡಿನಲ್ಲಿ ತಗೊಂಡಿರಿ.

ಪೇಪಾಲ್ ಬಗ್ಗೆ ತುಂಬ ಜನ ಕೇಳಿದ್ದಾರೆ. ಇಲ್ಲಿ ಪೇಪಾಲ್‌ಗೆ ಬ್ಯಾಂಕ್ ಖಾತೆ ಜೋಡಿಸಿದರೆ ಅದೇ ಒಂದು ಡೈರೆಕ್ಟ್ ಡೆಬಿಟ್ ಆಗಿ ಪಟ್ಟಿಗೆ ಬರುತ್ತದೆ, ನಿಜ. ಒಂದು ಪೈಸೆ ಖರ್ಚಿಲ್ಲ. ಆದರೆ ಪೇಪಾಲ್‌ನಲ್ಲಿ ಬ್ಯಾಂಕಿನಿಂದ ದುಡ್ಡು ಕೊಟ್ಟು ಏನಾದರೂ ಕೊಳ್ಳುವವರೆಗೆ ಅದು ಸುಮ್ನೆ ಮಲಗಿರುತ್ತದೆ. ಮಲಗಿದ್ದನ್ನು ಕೆಲವು ಬ್ಯಾಂಕು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ.

ಇನ್ನು ದಾನ. ತಿಂಗಳಿಗೆ 2 ಪೌಂಡ್ ಕೊಡುವ ಡೈರೆಕ್ಟ್ ಡೆಬಿಟ್ ಹಾಕಿ, ಬಹುಮಾನ ಬಂದ ಮಾರನೇ ದಿನ ರದ್ದು ಮಾಡುವುದು ಹಳೆಯ ಉಪಾಯ. ನನಗೆ ಇದು ಸೇರುವುದಿಲ್ಲ. ಹೊಸ ದಾನಿಯ ಹೆಸರು ಬರೆದುಕೊಂಡು, ಪತ್ರ ಕಳಿಸಿ, ಹಣ ವಸೂಲಿ ಮಾಡುವುದಕ್ಕೆ ಆ ಸಂಸ್ಥೆಗೂ ಖರ್ಚಿದೆ, 4 ಪೌಂಡ್ ಕೊಟ್ಟು ಓಡಿಹೋದರೆ ಅವರಿಗೆ ನಷ್ಟವೇ ಆಗಬಹುದು. ಕೊಡುವ ಮನಸ್ಸಿದ್ದರೆ ಒಂದು ವರ್ಷ ಬಿಟ್ಟಿರಿ. 24 ಪೌಂಡ್ ಹೋಗಿ 150 ಬಂದರೆ ನೀವೇನೂ ಸೋತಿಲ್ಲ, ಅಲ್ವಾ?

ಪ್ರಶ್ನೆ: ಎರಡು ಡೈರೆಕ್ಟ್ ಡೆಬಿಟ್ ಇಟ್ಟುಕೊಂಡೇ ಬದಲಾಯಿಸಿದೆ. ಒಂದು ಬ್ರಾಡ್‌ಬ್ಯಾಂಡ್, ಒಂದು ಕೌನ್ಸಿಲ್ ಟ್ಯಾಕ್ಸ್. ಫೆಬ್ರವರಿಯಲ್ಲಿ ಎಲ್ಲ ಮುಗಿಯಿತು. ಈಗ ಕೇಳಿದರೆ ಷರತ್ತು ಪೂರೈಸಿಲ್ಲ, ಹಣ ಇಲ್ಲ ಅನ್ನುತ್ತಾರೆ. ಮೋಸ ಅಲ್ಲವೇ ಇದು? (ಮಿಲ್ಟನ್ ಕೀನ್ಸ್‌ನಿಂದ)

ಉತ್ತರ: ಮೋಸ ಅಂತ ಕೂಗುವ ಮೊದಲು ಷರತ್ತಿನ ಪುಟ ತೆಗೆದು, ಡೈರೆಕ್ಟ್ ಡೆಬಿಟ್ ಎಂಬ ಪದ ಇರುವ ಸಾಲು ಹುಡುಕಿ. ಸಂಖ್ಯೆ ಬಿಡಿ, ಕ್ರಿಯಾಪದ ನೋಡಿ. ಮೂರು ಥರ ಇರುತ್ತದೆ. ಹೊಸ ಖಾತೆಯಲ್ಲಿ ಎರಡು "ಇರಬೇಕು" ಅನ್ನುವ ಬ್ಯಾಂಕು ಒಂದು. ಹಳೆಯ ಖಾತೆಯಿಂದ ಎರಡು "ಬರಬೇಕು" ಅನ್ನುವುದು ಇನ್ನೊಂದು. ಇಷ್ಟು ದಿನದ ಒಳಗೆ ಎರಡರಿಂದಲೂ ದುಡ್ಡು "ಹೋಗಬೇಕು" ಅನ್ನುವುದು ಮೂರನೆಯದು. ಇರಬೇಕು ಅಂದವರಿಗೆ ಬದಲಾಯಿಸಿದ ಮೇಲೂ ಹೊಸದು ಹಾಕಿ ತೋರಿಸಬಹುದು. ಬರಬೇಕು ಅಂದವರಿಗೆ ಆಮೇಲೆ ಹಾಕಿದ್ದು ಪ್ರಯೋಜನಕ್ಕಿಲ್ಲ. ಹೋಗಬೇಕು ಅಂದವರಿಗೆ ಮಲಗಿರುವ ಪೇಪಾಲ್ ತೋರಿಸಿದರೆ ನಡೆಯುವುದಿಲ್ಲ.

ನಿಮ್ಮದು ಮೂರನೇ ಥರ ಅಂತ ನನ್ನ ಊಹೆ. ಯಾಕೆಂದರೆ ಕೌನ್ಸಿಲ್ ಟ್ಯಾಕ್ಸ್ ಸಾಮಾನ್ಯವಾಗಿ ಏಪ್ರಿಲ್‌ನಿಂದ ಜನವರಿವರೆಗೆ 10 ಕಂತು. ಫೆಬ್ರವರಿ, ಮಾರ್ಚ್ ಎರಡು ತಿಂಗಳು ರಜೆ. ನೀವು ಬದಲಾಯಿಸಿದ್ದು ಸರಿಯಾಗಿ ಆ ರಜೆಯಲ್ಲಿ! ಡೈರೆಕ್ಟ್ ಡೆಬಿಟ್ ಇತ್ತು, ಬಂತು ಕೂಡ, ಆದರೆ ದುಡ್ಡು ಹೋಗಲಿಲ್ಲ. ಕೌನ್ಸಿಲ್‌ಗೆ ಹೇಳಿ 12 ಕಂತು ಮಾಡಿಸಿಕೊಂಡಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ಗಡುವು ಇನ್ನೂ ಇದ್ದರೆ ಬೇರೆ ಯಾವುದಾದರೂ ಒಂದನ್ನು ಇವತ್ತೇ ಹಾಕಿ.

ನಾನೂ ಬುದ್ಧಿವಂತನೇನಲ್ಲ. ಒಮ್ಮೆ ಗುರುವಾರ ರಾತ್ರಿ ಊಟ ಮುಗಿಸಿ ಸೋಫಾ ಮೇಲೆ ಕೂತು ಎರಡನೇ ಡೈರೆಕ್ಟ್ ಡೆಬಿಟ್ ಹಾಕಿದೆ, ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲೇ ಖಾತೆ ಬದಲಾವಣೆಗೆ ಅರ್ಜಿ ಹಾಕಿದೆ. ಹೊಸ ಖಾತೆ ತೆರೆದುಕೊಂಡಾಗ ಪಟ್ಟಿಯಲ್ಲಿ ಒಂದೇ ಹೆಸರು. ಇನ್ನೊಂದು ದಾರಿಯಲ್ಲೇ ಎಲ್ಲೋ ಉಳಿದಿತ್ತು. ಕಂಪನಿ ನಿಮ್ಮ ಒಪ್ಪಿಗೆಯನ್ನು ಬ್ಯಾಂಕಿಗೆ ತಲುಪಿಸಲು ಕೆಲವು ಕೆಲಸದ ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಬ್ಯಾಂಕಿನ ಕಣ್ಣಿಗೆ ಅದು ಹುಟ್ಟೇ ಇಲ್ಲ. ಆ ಬ್ಯಾಂಕು ನನಗೆ ಕೊಟ್ಟಿದ್ದು ಸೊನ್ನೆ, ಮತ್ತೊಂದು ಹಸಿರು ಬಣ್ಣದ ಡೆಬಿಟ್ ಕಾರ್ಡು. ಈಗ ನಾನು ಪಟ್ಟಿಯಲ್ಲಿ ಎರಡೂ ಕಾಣಿಸಿ, ಎರಡರಿಂದಲೂ ಒಂದೊಂದು ಸಲ ದುಡ್ಡು ಹೋದ ಮೇಲೇ ಅರ್ಜಿ ಹಾಕುವುದು. ಜೊತೆಗೆ ಆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಡುತ್ತೇನೆ.

ಷರತ್ತು ಓದಿದ ಮೇಲೂ ತಪ್ಪು ಬ್ಯಾಂಕಿನದ್ದೇ ಅನ್ನಿಸಿದರೆ ದೂರು ಎಂದೇ ಬರೆದು ದೂರು ಕೊಡಿ. ಅವರಿಗೆ 8 ವಾರ ಸಮಯ. ಅಷ್ಟರಲ್ಲಿ ಬಗೆಹರಿಯದಿದ್ದರೆ ಬ್ಯಾಂಕುಗಳ ಮೇಲಿನ ದೂರು ತೀರ್ಮಾನಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಸರ್ವಿಸ್‌ಗೆ ಹೋಗಬಹುದು, ಗ್ರಾಹಕರಿಗೆ ಅದು ಉಚಿತ. ಬ್ಯಾಂಕು ಅಂತಿಮ ಉತ್ತರ ಕೊಟ್ಟ 6 ತಿಂಗಳ ಒಳಗೆ ಹೋಗಬೇಕು.

ಪ್ರಶ್ನೆ: ನಾನು, ನನ್ನ ಹೆಂಡತಿ ಜಂಟಿ ಖಾತೆಯಲ್ಲಿದ್ದೇವೆ. ಸಂಬಳ, ಮನೆ ಸಾಲ, ಎಲ್ಲ ಬಿಲ್ಲು ಅದರಲ್ಲೇ. ಅದನ್ನು ಅಲುಗಾಡಿಸಲು ಭಯ. ಆದರೆ ಇಬ್ಬರಿಗೂ ಬಹುಮಾನ ಸಿಕ್ಕರೆ ಬೇಡ ಅನ್ನುವುದಿಲ್ಲ! (ಹ್ಯಾರೋದಿಂದ)

ಉತ್ತರ: ಅಲುಗಾಡಿಸಬೇಡಿ. ಬದಲಾಯಿಸಲಿಕ್ಕೆಂದೇ ಇಬ್ಬರೂ ಒಂದೊಂದು ಹೊಸ ಖಾತೆ ತೆರೆಯಿರಿ, ನಿಮ್ಮ ನಿಮ್ಮ ಹೆಸರಲ್ಲಿ. ಜಂಟಿ ಖಾತೆಯಿಂದ ಒಬ್ಬರ ಖಾತೆಗೆ ಹೇಗೂ ಬದಲಾಯಿಸಲು ಬಿಡುವುದಿಲ್ಲ. ಒಬ್ಬರ ಖಾತೆಯಿಂದ ಜಂಟಿಗೆ ಆದರೆ ಆಗುತ್ತದೆ.

ಆಮೇಲೆ ಮನೆಯ ಬಿಲ್ಲುಗಳನ್ನು ಹಂಚಿಕೊಳ್ಳಿ. ನಿಮ್ಮ ಫೋನು, ನೀರು ನಿಮ್ಮ ಹೊಸ ಖಾತೆಗೆ. ಅವರ ಫೋನು, ಬ್ರಾಡ್‌ಬ್ಯಾಂಡ್ ಅವರ ಖಾತೆಗೆ. ಆಯಾ ಕಂಪನಿಯ ಆ್ಯಪ್‌ನಲ್ಲೇ ಬ್ಯಾಂಕ್ ವಿವರ ಬದಲಿಸುವ ಜಾಗ ಇರುತ್ತದೆ. ಹಳೆಯದನ್ನು ಮೊದಲೇ ರದ್ದು ಮಾಡಲು ಹೋಗಬೇಡಿ, ನಡುವೆ ಒಂದು ಕಂತು ತಪ್ಪಿ ದಂಡ ಬೀಳಬಹುದು. ಆ ಖಾತೆಗಳಲ್ಲಿ ಬಿಲ್ಲಿಗೆ ಸಾಕಾಗುವಷ್ಟು ದುಡ್ಡು ಯಾವಾಗಲೂ ಇರಲಿ. ಕಾರಿನ ತೆರಿಗೆಯನ್ನೂ ಡೈರೆಕ್ಟ್ ಡೆಬಿಟ್‌ಗೆ ಹಾಕಬಹುದು, ಆದರೆ ತಿಂಗಳ ಕಂತು ಆರಿಸಿದರೆ 5% ಜಾಸ್ತಿ ಬೀಳುತ್ತದೆ. ವರ್ಷಕ್ಕೊಮ್ಮೆ ಅಂದರೆ ಜಾಸ್ತಿ ಇಲ್ಲ.

ಈಗ ಬಹುಮಾನ ಕೊಡುವ ಬ್ಯಾಂಕಿನಲ್ಲಿ ಖಾತೆ ತೆರೆದು, ಈ ಸಣ್ಣ ಖಾತೆಯನ್ನು ಪೂರ್ತಿ ಬದಲಾಯಿಸಿ. ಪೂರ್ತಿ ಅನ್ನುವುದು ಮುಖ್ಯ. ಕರೆಂಟ್ ಅಕೌಂಟ್ ಸ್ವಿಚ್ ಸರ್ವಿಸ್ ಎಂಬ ವ್ಯವಸ್ಥೆ 2013ರ ಸೆಪ್ಟೆಂಬರ್‌ನಿಂದ ಇದೆ, 7 ಕೆಲಸದ ದಿನದಲ್ಲಿ ಎಲ್ಲ ಸಾಗಿಸಿ ಹಳೆಯ ಖಾತೆಯನ್ನು ಮುಚ್ಚುತ್ತದೆ. ಹಳೆಯದನ್ನು ಉಳಿಸಿಕೊಂಡು ಅರ್ಧಂಬರ್ಧ ಬದಲಾಯಿಸುವ ದಾರಿಯೂ ಇದೆ, ಅದಕ್ಕೆ ಸಾಮಾನ್ಯವಾಗಿ ಬಹುಮಾನ ಇಲ್ಲ, ಆ ಸೇವೆಯ ಗ್ಯಾರಂಟಿಯೂ ಇಲ್ಲ.

ಹೊಸ ಖಾತೆಗೆ 1,500 ಪೌಂಡ್ ಬರಬೇಕು ಎಂಬಂಥ ಷರತ್ತೂ ಇರಬಹುದು. ಸಂಬಳವೇ ಆಗಬೇಕು ಎಂದು ಬರೆದಿಲ್ಲದಿದ್ದರೆ ನಿಮ್ಮದೇ ಇನ್ನೊಂದು ಖಾತೆಯಿಂದ ಹಾಕಿ ತೆಗೆದರೆ ಆಯಿತು, ಒಂದೇ 1,500 ನಿಮ್ಮ ಖಾತೆಗೆ ಬಂದು, ಅಲ್ಲಿಂದ ಎದ್ದು ಹೆಂಡತಿಯ ಖಾತೆಗೂ ಹೋಗಿ ಬರಬಹುದು. ಅದೇ ಬ್ಯಾಂಕಿನ ಒಳಗಿಂದ ಹಾಕಿದ್ದನ್ನು ಮಾತ್ರ ಹಲವರು ಒಪ್ಪುವುದಿಲ್ಲ, ಹೊರಗಿನ ಬ್ಯಾಂಕಿನಿಂದ ಹಾಕಿ.

ಪ್ರಶ್ನೆ: ಹಣ ಬಂದ ಮೇಲೆ ಡೈರೆಕ್ಟ್ ಡೆಬಿಟ್ ತೆಗೆಯಬಹುದಾ? (ಕಾರ್ಡಿಫ್‌ನಿಂದ)

ಉತ್ತರ: ತೆಗೆಯಬಹುದು, ಯಾವಾಗ ಬೇಕಾದರೂ. ಬ್ಯಾಂಕಿನ ಆ್ಯಪ್‌ನಲ್ಲೇ ಆಗುತ್ತದೆ. ಆದರೆ ಅದು ದುಡ್ಡಿನ ಪೈಪು ಮುಚ್ಚಿದ ಹಾಗೆ, ಸಾಲ ತೀರಿದ ಹಾಗೆ ಅಲ್ಲ. ಸಿಮ್ ಕಂಪನಿಗೂ ಬಿಡುತ್ತೇನೆ ಎಂದು ಹೇಳದಿದ್ದರೆ ಬಿಲ್ಲು ಬರುತ್ತಲೇ ಇರುತ್ತದೆ. ಷರತ್ತಿನಲ್ಲಿ ಇಷ್ಟು ತಿಂಗಳು ಇರಬೇಕು ಎಂದಿದೆಯೇ, ಅದನ್ನೂ ನೋಡಿಕೊಳ್ಳಿ.

ಪ್ರಶ್ನೆ: ಮೂರು ತಿಂಗಳಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕುವವನಿದ್ದೇನೆ. ಈ ನಡುವೆ ಒಂದು ಖಾತೆ ಬದಲಾಯಿಸಿಬಿಡಲಾ? (ಅಬರ್ಡೀನ್‌ನಿಂದ)

ಉತ್ತರ: ಬೇಡ. ಹೊಸ ಖಾತೆ ತೆರೆಯುವಾಗ ಬ್ಯಾಂಕು ನಿಮ್ಮ ಕ್ರೆಡಿಟ್ ಇತಿಹಾಸ ನೋಡುತ್ತದೆ, ಆ ಗುರುತು ಉಳಿಯಬಹುದು. ಮನೆ ಸಾಲದವರು ಕಡತ ತೆಗೆದಾಗ "ಇವನ್ಯಾಕೆ ಈಗಷ್ಟೇ ಖಾತೆ ಬದಲಾಯಿಸಿದ?" ಎಂದು ಯೋಚಿಸುವ ಹಾಗೆ ಮಾಡಬೇಡಿ. 175 ಪೌಂಡ್ ಎಲ್ಲೂ ಓಡಿಹೋಗುವುದಿಲ್ಲ, ಇವತ್ತು ಒಬ್ಬರು ನಿಲ್ಲಿಸಿದರೆ ನಾಳೆ ಇನ್ನೊಬ್ಬರು ಶುರು ಮಾಡುತ್ತಾರೆ. ಅದೂ ಅಲ್ಲದೆ ಸಾಲದವರು ಕಳೆದ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳುತ್ತಾರೆ. ಹಳೆಯ ಖಾತೆ ಮುಚ್ಚಿದ ಮೇಲೆ ಆ್ಯಪ್ ನಿಮ್ಮನ್ನು ಒಳಗೇ ಬಿಡದಿರಬಹುದು. ಸಾಲ ಸಿಕ್ಕಿ, ಬೀಗದ ಕೈ ಕೈಗೆ ಬಂದ ಮೇಲೆ ಬದಲಾಯಿಸಿ. ಆಗಲೂ ಅರ್ಜಿ ಹಾಕುವ ಹಿಂದಿನ ರಾತ್ರಿ ಸ್ಟೇಟ್‌ಮೆಂಟ್‌ಗಳನ್ನೆಲ್ಲ ಇಳಿಸಿಟ್ಟುಕೊಳ್ಳಿ. ಹೊಸ ಮನೆಗೆ ಕರೆಂಟು, ಕೌನ್ಸಿಲ್ ಟ್ಯಾಕ್ಸ್ ಎಲ್ಲ ನಿಮ್ಮ ಹೆಸರಿಗೇ ಬಂದಿರುತ್ತದೆ, ಡೈರೆಕ್ಟ್ ಡೆಬಿಟ್‌ಗೆ ಬರ ಇರುವುದಿಲ್ಲ.